ಮದ್ದು ಕೊಡುವವರ ಮಾತಿನ ಹೊಣೆ

ಆಂಧ್ರದ ಆದೋನಿ ಸೀಮೆಯ ಹಳ್ಳಿಗಳಲ್ಲಿ ಯಾರಿಗಾದರೂ ಕಣ್ಣು ಹಳದಿಯಾಯಿತೆಂದರೆ, ನೋಡಲು ಬಂದವರು ಮೊದಲು ಕೇಳುವುದು ‘ಯಾವ ಊರಿಗೆ ಕರಕೊಂಡು ಹೋಗಿದ್ರಿ?’ ಎಂದು. ಯಾವ ಆಸ್ಪತ್ರೆಗೆ ಎಂದು ಕೇಳುವವರು ಕಡಿಮೆ. ಕಾಮಾಲೆಗೆ ಮದ್ದು ಕೊಡುವವರು ಇಂಥ ಊರಲ್ಲಿದ್ದಾರೆ, ಇಂಥ ವಾರ ಕೊಡುತ್ತಾರೆ, ಬರಿಹೊಟ್ಟೆಯಲ್ಲಿ ಹೋಗಬೇಕು, ಕುಡಿದ ಮೇಲೆ ಎಣ್ಣೆ, ಖಾರ, ಬದನೆಕಾಯಿ ಮುಟ್ಟಬಾರದು ಎಂಬ ವಿವರವೆಲ್ಲ ಜನರ ಬಾಯಲ್ಲೇ ಇರುತ್ತದೆ. ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರು ಕಡೆ ಹೇಗೋ, ಗಡಿಯಾಚೆಯ ರಾಯಚೂರು, ಸಿರುಗುಪ್ಪ ಕಡೆಯೂ ಹಾಗೆಯೇ.

ಈ ಮದ್ದು ಕೊಡುವವರಲ್ಲಿ ಬಹಳ ಮಂದಿ ಒಳ್ಳೆಯವರು. ಕೆಲವರು ಕಾಸು ಮುಟ್ಟುವುದಿಲ್ಲ, ಎಲೆ ಅಡಿಕೆ ಇಟ್ಟರೆ ಸಾಕು ಎನ್ನುತ್ತಾರೆ. ಅಪ್ಪ, ಅಜ್ಜನಿಂದ ಬಂದ ವಿದ್ಯೆ, ದುಡ್ಡಿಗೆ ಮಾರಿದರೆ ಫಲಿಸುವುದಿಲ್ಲ ಎಂಬ ನಂಬಿಕೆ ಅವರದು. ಅವರನ್ನು ಬೈದು ಈ ವಿಷಯ ಮುಗಿಸಲು ನನಗೆ ಮನಸ್ಸಿಲ್ಲ. ಆದರೆ ಕಾಸು ಪಡೆಯದವರ ಮಾತನ್ನೂ ರೋಗಿ ನಂಬಿ ನಡೆಯುತ್ತಾನಲ್ಲ, ಆ ಮಾತಿಗೆ ಹೊಣೆ ಯಾರು? ಈ ಪ್ರಶ್ನೆಯನ್ನು ಕಾಮಾಲೆಯನ್ನೇ ಇಟ್ಟುಕೊಂಡು ನೋಡುವುದು ಒಳ್ಳೆಯದು. ಮದ್ದು ಏಕೆ ಕೆಲಸ ಮಾಡಿದಂತೆ ಕಾಣುತ್ತದೆ, ಯಾವಾಗ ಪ್ರಾಣಕ್ಕೆ ಬರುತ್ತದೆ ಎಂಬ ಎರಡನ್ನೂ ಅದರಷ್ಟು ಚೆನ್ನಾಗಿ ತೋರಿಸುವ ಕಾಯಿಲೆ ಇನ್ನೊಂದಿಲ್ಲ.

ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳು ತೋರಿಸುವ ಒಂದು ಗುರುತು. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಹೆಚ್ಚಾದಾಗ ಕಣ್ಣು, ಚರ್ಮ ಹಳದಿಯಾಗುತ್ತವೆ. ನಮ್ಮ ಕಡೆ ಇದಕ್ಕೆ ಸಾಮಾನ್ಯ ಕಾರಣ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು. ಎರಡೂ ಕೊಳಕು ನೀರಿನಿಂದ ಬರುವಂಥವು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರನ್ನು ಕೆರೆಯಲ್ಲಿ ತುಂಬಿಸಿಟ್ಟು ಬೇಸಿಗೆ ನೂಕುವ ಸೀಮೆ ಇದು. ಎಲ್ಲೋ ಒಂದು ಪೈಪು ಒಡೆದು ಚರಂಡಿ ನೀರು ಒಳಗೆ ಹೊಕ್ಕರೆ ಒಂದು ಓಣಿಗೆ ಓಣಿಯೇ ಮಲಗುತ್ತದೆ. ಈ ಎರಡು ವೈರಸ್‌ಗಳಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ನಾಲ್ಕಾರು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಎಂಬಿಬಿಎಸ್ ಓದಿದ ಡಾಕ್ಟರ ಬಳಿಯೂ ಇದಕ್ಕೆಂದೇ ಕೊಡುವ ಔಷಧವಿಲ್ಲ. ವಿಶ್ರಾಂತಿ, ನೀರು, ಊಟ, ಹೆಂಡ ಮುಟ್ಟದಿರುವುದು, ಯಕೃತ್ತಿಗೆ ಭಾರವಾಗುವ ಮಾತ್ರೆ ಬಿಡುವುದು, ಇಷ್ಟೇ. ಹೀಗಿರುವಾಗ ಕಾಮಾಲೆಗೆ ಮದ್ದೆಂದು ಕೊಡುವ ನೆಲನೆಲ್ಲಿ ಗಿಡದ ರಸ ಕುಡಿದವನೂ ಏಳುತ್ತಾನೆ, ಕುಡಿಯದವನೂ ಏಳುತ್ತಾನೆ. ಕುಡಿದವನು ಊರಿಗೆಲ್ಲ ಹೇಳುತ್ತಾನೆ. ಕೈಗುಣದ ಹೆಸರು ಹಬ್ಬುವುದು ಹೀಗೆ.

ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಿದರು ಎಂದು ಯಾರೂ ಹೇಳುವಂತಿಲ್ಲ. ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ವೈರಸ್ಸನ್ನು ಒಡಲಲ್ಲಿ ಹೊತ್ತಿರುವವರಿಗೆ ಈ ಗಿಡದ ಪುಡಿ ಕೊಟ್ಟು ನೋಡಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್ ಕೂಡ ಆ ತಂಡದಲ್ಲಿದ್ದರು. ಗಿಡದ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಹೋಲಿಕೆಗಾಗಿ ಮದ್ದಿಲ್ಲದ ಬರಿಯ ಪುಡಿ ಪಡೆದ 23 ಜನರಲ್ಲಿ ಒಬ್ಬರಲ್ಲಿ ಮಾತ್ರ. ಜಗತ್ತೇ ತಿರುಗಿ ನೋಡಿತು. ಆಮೇಲೆ ಬೇರೆ ದೇಶಗಳಲ್ಲಿ ಇದೇ ಪ್ರಯೋಗ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಹಳ್ಳಿಯ ಗಿಡವೆಂದು ಯಾರೂ ಮೂಗು ಮುರಿಯದೆ ಪರೀಕ್ಷೆಗೆ ಒಡ್ಡಿದರು, ಬಂದ ಉತ್ತರ ಆಸೆಪಟ್ಟಂತೆ ಇರಲಿಲ್ಲ. ಇದನ್ನು ಹೇಳಲು ಸಂಕೋಚವೇಕೆ? ಸಾಮಾನ್ಯ ಕಾಮಾಲೆಯಲ್ಲಿ ಆ ರಸವನ್ನು ನಾಲ್ಕು ದಿನ ಕುಡಿದರೆ ಅನಾಹುತವೇನೂ ಆಗಲಿಕ್ಕಿಲ್ಲ. ಅಪಾಯವಿರುವುದು ಆ ನಾಲ್ಕು ದಿನ ಬೇರೆ ಏನನ್ನೂ ನೋಡದೆ ಕಳೆಯುವುದರಲ್ಲಿ.

ಯಾರಿಗೆ ಆ ನಾಲ್ಕು ದಿನ ಇರುವುದಿಲ್ಲ? ಬಸುರಿಗೆ ಇರುವುದಿಲ್ಲ. ಬೇರೆಯವರಲ್ಲಿ ಸುಮ್ಮನೆ ಬಂದು ಹೋಗುವ ಹೆಪಟೈಟಿಸ್ ಇ, ಕೊನೆಯ ಮೂರು ತಿಂಗಳ ಗರ್ಭಿಣಿಯರಲ್ಲಿ ನೂರಕ್ಕೆ 20ರಿಂದ 25 ಜನರ ಪ್ರಾಣ ತೆಗೆಯಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಟ್ಟಿದ ಒಂದೇ ದಿನದಲ್ಲಿ ಹಳದಿಯಾದ ಕೂಸಿಗೆ ಇರುವುದಿಲ್ಲ. ಬಿಲಿರುಬಿನ್ ಮೆದುಳಿಗೆ ಏರಿದರೆ ಮಗು ಉಳಿದರೂ ಕಿವಿ, ಕೈಕಾಲು ಹೋಗಬಹುದು. ನೀಲಿ ದೀಪದ ಕೆಳಗೆ ಮಲಗಿಸಿದರೆ ಇಳಿಯುವಂಥದ್ದು ಅದು. ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡ ಬಿದ್ದು ಮೈ ತುರಿಸುತ್ತ ಮಲ ಸುಣ್ಣದಂತೆ ಬೆಳ್ಳಗಾದವರಿಗೆ ಯಾವ ರಸವೂ ನಾಟುವುದಿಲ್ಲ, ದಾರಿ ಬಿಡಿಸಬೇಕು. ವಾಂತಿ ನಿಲ್ಲದೆ, ಹಗಲು ಮಂಪರು, ರಾತ್ರಿ ಎಚ್ಚರ, ಅಸಂಬದ್ಧ ಮಾತು ಶುರುವಾದವರ ಯಕೃತ್ತು ಸೋಲುತ್ತಿದೆ ಎಂದೇ ಅರ್ಥ. ಅವರ ಲೆಕ್ಕ ವಾರಗಳಲ್ಲಿಲ್ಲ, ಗಂಟೆಗಳಲ್ಲಿದೆ.

ಈ ಗುರುತುಗಳನ್ನು ಇಂಗ್ಲಿಷ್ ವೈದ್ಯ ಬಂದು ಕಲಿಸಬೇಕಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 16ನೇ ಅಧ್ಯಾಯ ಪಾಂಡು, ಕಾಮಾಲೆಗಳಿಗೇ ಮೀಸಲು. ಮಲ ಅರೆದ ಎಳ್ಳಿನ ಬಣ್ಣಕ್ಕೆ ತಿರುಗುವ ಕಾಮಾಲೆಯನ್ನು ಚರಕ ಬೇರೆ ಎತ್ತಿಟ್ಟು, ಅಲ್ಲಿ ಪಿತ್ತದ ದಾರಿ ಕಟ್ಟಿದೆ, ಚಿಕಿತ್ಸೆಯೂ ಬೇರೆ ಎನ್ನುತ್ತಾನೆ. ಮೈ ಬಾತು, ಮಂಪರು ಕವಿದು, ಬುದ್ಧಿ ಮಸುಕಾದ ಕಾಮಾಲೆಯವನು ಉಳಿಯುವುದು ಕಷ್ಟ ಎಂದೂ ಅಲ್ಲೇ ಇದೆ. ಅದಕ್ಕೂ ಮೊದಲು, ಸೂತ್ರಸ್ಥಾನದ 10ನೇ ಅಧ್ಯಾಯದಲ್ಲಿ ರೋಗಗಳನ್ನು ಸುಲಭವಾಗಿ ವಾಸಿಯಾಗುವಂಥವು, ಕಷ್ಟಪಟ್ಟರೆ ವಾಸಿಯಾಗುವಂಥವು, ವಾಸಿಯಾಗದೆ ಹತೋಟಿಯಲ್ಲಿಡಬಹುದಾದಂಥವು, ಕೈಬಿಡಬೇಕಾದಂಥವು ಎಂದು ನಾಲ್ಕಾಗಿ ವಿಂಗಡಿಸಿ, ಈ ವಿಂಗಡಣೆ ಅರಿಯದೆ ಕೈಹಾಕುವ ವೈದ್ಯ ಹಣ, ವಿದ್ಯೆ, ಹೆಸರು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ ಎಂಬ ಎಚ್ಚರಿಕೆಯಿದೆ. ಇನ್ನೂ ನನಗೆ ದೊಡ್ಡದೆನಿಸುವುದು ಗುಲ್ಮದ ಅಧ್ಯಾಯ. ಹೊಟ್ಟೆಯೊಳಗಿನ ಗಡ್ಡೆ ಕೀವಾಗಿ ಪಕ್ವವಾದರೆ ಮುಂದಿನ ಕೆಲಸ ತನ್ನದಲ್ಲ, ಧನ್ವಂತರಿಯ ಪಂಥದವರದು, ಅಂದರೆ ಶಸ್ತ್ರವೈದ್ಯರದು ಎಂದು ಚರಕ ಅಲ್ಲಿ ನಿಲ್ಲುತ್ತಾನೆ. ಸಾವಿರಾರು ಗಿಡಮೂಲಿಕೆ ಗೊತ್ತಿದ್ದ ಪರಂಪರೆ ತನ್ನ ಗೆರೆಯನ್ನು ತಾನೇ ಎಳೆದುಕೊಂಡಿತ್ತು.

ಹಾಗಾದರೆ ಮದ್ದು ಕೊಡುವವರಿಂದ ನಾವು ಕೇಳಬೇಕಾದದ್ದು ಹೊರಗಿನಿಂದ ತಂದ ನೀತಿಯಲ್ಲ. ಎರಡು ಮಾತಿನ ವಿಷಯದಲ್ಲಿ ಅವರು ಕಟ್ಟುನಿಟ್ಟಾಗಿರಬೇಕು. ‘ಇದು ನನ್ನ ಕೈಲಾಗುವುದಿಲ್ಲ, ಈಗಲೇ ಆಸ್ಪತ್ರೆಗೆ ಹೋಗಿ’ ಎಂಬ ಮಾತನ್ನು ಹೊತ್ತಿಗೆ ಸರಿಯಾಗಿ ಆಡಬೇಕು. ‘ಇಂಗ್ಲಿಷ್ ಮದ್ದು ನಿಲ್ಲಿಸು’ ಎಂಬ ಮಾತನ್ನು ಎಂದೂ ಆಡಬಾರದು.

ಎರಡನೆಯದು ಹೆಚ್ಚು ಕೊಲ್ಲುವ ಮಾತು ಎಂದು ನನ್ನ ಭಾವನೆ. ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದ ಮಕ್ಕಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. ಆ ಮಗುವಿಗೆ ಯಾರೋ ಕಷಾಯ ಕೊಟ್ಟು ‘ಸೂಜಿ ಬಿಡಿಸಿಬಿಡಿ, ಎಷ್ಟು ದಿನ ಅಂತ ಚುಚ್ಚುತ್ತೀರಿ’ ಎಂದರೆ, ಕೆಲವೇ ದಿನಗಳಲ್ಲಿ ರಕ್ತ ಹುಳಿಯೇರಿ ಮಗು ಪ್ರಜ್ಞೆ ತಪ್ಪುತ್ತದೆ. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟವನ ಕ್ರಿಮಿ ಮಾತ್ರೆಗೆ ಬಗ್ಗದಂತಾಗಿ, ಅವನ ಮನೆಯವರಿಗೂ ಅದೇ ಹಟಮಾರಿ ಕ್ರಿಮಿ ಅಂಟುತ್ತದೆ. ಫಿಟ್ಸ್ ಮಾತ್ರೆ ತಟ್ಟನೆ ನಿಲ್ಲಿಸಿದವನು ಬಾವಿಕಟ್ಟೆಯ ಮೇಲೋ ಒಲೆಯ ಮುಂದೋ ಬೀಳುತ್ತಾನೆ. ಮದ್ದು ಕೊಟ್ಟವರು ಇದನ್ನೆಲ್ಲ ನೋಡುವುದಿಲ್ಲ. ರೋಗಿ ತಿರುಗಿ ಬರದಿದ್ದರೆ ವಾಸಿಯಾಗಿರಬೇಕು ಎಂದುಕೊಳ್ಳುತ್ತಾರೆ. ಬರೆದಿಟ್ಟ ಚೀಟಿಯಿಲ್ಲ, ದಾಖಲೆಯಿಲ್ಲ, ಆ ಮನೆಯ ಸಾವಿಗೂ ಈ ಮನೆಯ ಮಾತಿಗೂ ನಂಟು ಕಟ್ಟುವವರಿಲ್ಲ.

ಹೊಳಗುಂದ ಮಂಡಲದ ದೇವರಗಟ್ಟಿನ ಬನ್ನಿ ಹಬ್ಬವನ್ನು ಈ ಕಡೆಯವರು ಬಲ್ಲರು. ವಿಜಯದಶಮಿಯ ರಾತ್ರಿ ಗುಡ್ಡದ ಮೇಲೆ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರಿನವರು ದೊಣ್ಣೆ ಹಿಡಿದು ಹೊಡೆದಾಡುತ್ತಾರೆ. ವರ್ಷವೂ ಹತ್ತಾರು ತಲೆ ಒಡೆಯುತ್ತವೆ, ಕೆಲವು ವರ್ಷ ಪ್ರಾಣವೂ ಹೋಗಿದೆ. ಗಾಯಕ್ಕೆ ಭಂಡಾರ, ಅಂದರೆ ದೇವರ ಅರಿಶಿನ, ಮೆತ್ತಿಕೊಂಡರೆ ಸಾಕು, ದೇವರು ಮಾಯಿಸುತ್ತಾನೆ ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಜಿಲ್ಲಾಡಳಿತ ಅಲ್ಲಿಯೇ ವೈದ್ಯಕೀಯ ಶಿಬಿರ ಹಾಕಿ ಆಂಬುಲೆನ್ಸ್ ನಿಲ್ಲಿಸಿದರೂ ಅರಿಶಿನ ಹಚ್ಚಿಕೊಂಡು ಊರ ದಾರಿ ಹಿಡಿಯುವವರಿದ್ದಾರೆ. ಅರಿಶಿನಕ್ಕೆ ಕ್ರಿಮಿಗಳನ್ನು ತಡೆಯುವ ಅಲ್ಪ ಗುಣ ಉಂಟು, ಚರ್ಮದ ಮೇಲಿನ ತರಚಿಗೆ ಅದು ಸರಿ. ತಲೆಗೆ ಬಿದ್ದ ಪೆಟ್ಟಿನ ಕಥೆ ಬೇರೆ. ಬುರುಡೆಯ ಒಳಗೆ ರಕ್ತನಾಳ ಹರಿದಾಗ ಗಾಯಾಳು ಕ್ಷಣ ತಲೆಸುತ್ತಿ ಬಿದ್ದು ಮತ್ತೆ ಎದ್ದು ಕೂರುತ್ತಾನೆ, ಮಾತಾಡುತ್ತಾನೆ, ನೀರು ಕುಡಿಯುತ್ತಾನೆ. ಒಳಗೆ ರಕ್ತ ಶೇಖರವಾಗುತ್ತಲೇ ಇರುತ್ತದೆ. ಕೆಲವು ಗಂಟೆ ಕಳೆದ ಮೇಲೆ ವಾಂತಿ, ಮಂಪರು, ಆಮೇಲೆ ಏಳದ ನಿದ್ದೆ. ಆ ನಡುವಿನ ಹುಷಾರಾದ ಗಂಟೆಗಳಲ್ಲಿ ‘ಭಂಡಾರ ಹಚ್ಚಿದ್ದೀವಿ, ಏನೂ ಆಗಂಗಿಲ್ಲ’ ಎಂದ ಹಿರಿಯರ ಭಕ್ತಿಯಲ್ಲಿ ಕಲ್ಮಶವಿಲ್ಲ. ಆದರೆ ಅವರು ಕೊಟ್ಟದ್ದು ವೈದ್ಯ ಸಲಹೆ. ದೇವರ ಹೆಸರಿನಲ್ಲಿ ಕೊಟ್ಟರೂ ಅದು ಸಲಹೆಯೇ. ಭಂಡಾರ ಹಚ್ಚಿಯೇ ಶಿಬಿರದ ಡೇರೆಗೆ ಕಳಿಸಿದರೆ ಮಲ್ಲೇಶ್ವರನಿಗೆ ಏನೂ ಕೊರತೆಯಾಗುವುದಿಲ್ಲ.

ಹತ್ತಿ, ಶೇಂಗಾ ಹೊಲಗಳಲ್ಲಿ ಹಾವು ಕಚ್ಚಿದಾಗಲೂ ಕಾಮಾಲೆಯ ಲೆಕ್ಕವೇ. ವಿಷವಿಲ್ಲದ ಹಾವುಗಳೇ ಹೆಚ್ಚು. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಮಂತ್ರ ಹಾಕಿದವರಿಗೂ ಬೇರು ತೇದು ಕುಡಿಸಿದವರಿಗೂ ಹೆಸರು ಬರುವುದು ಈ ಕಡಿತಗಳಿಂದ. ಕೊಳಕುಮಂಡಲ ನಿಜವಾಗಿ ವಿಷವಿಳಿಸಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಅದಕ್ಕೆ ಪ್ರತಿವಿಷದ ಚುಚ್ಚುಮದ್ದೊಂದೇ ಗತಿ. ಭಾರತದಲ್ಲಿ 2000ದಿಂದ 2019ರ ನಡುವೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಹೆಚ್ಚು ಸಾವು ಕಂಡ ರಾಜ್ಯಗಳಲ್ಲಿ ಆಂಧ್ರವೂ ಇದೆ. ಕಚ್ಚಿದ ಜಾಗಕ್ಕೆ ಹಚ್ಚುವ, ಕುಡಿಸುವ ಈಶ್ವರಿ ಬೇರಿನ ಬಗ್ಗೆ ಇನ್ನೊಂದು ಮಾತು. ಆ ಬಳ್ಳಿಯ ಕುಲದಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಗೆಡವುತ್ತದೆ, ಕ್ಯಾನ್ಸರ್ ತರುತ್ತದೆ. ಬ್ರಸೆಲ್ಸ್ ನಗರದಲ್ಲಿ 1990ರ ದಶಕದ ಆರಂಭದಲ್ಲಿ ಮೈ ಇಳಿಸಲು ಅದೇ ಕುಲದ ಬೇರು ಸೇರಿದ್ದ ಮಾತ್ರೆ ನುಂಗಿದ ಅನೇಕ ಹೆಂಗಸರ ಮೂತ್ರಪಿಂಡ ಸೋತ ಮೇಲೆ ಜಗತ್ತಿಗೆ ಇದು ಗೊತ್ತಾಯಿತು. ಹಾಗೆಯೇ ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುದಿಸಿ ಕುಡಿದ ಅಮೃತಬಳ್ಳಿ: ಅದನ್ನು ಸೇವಿಸಿದ ಮೇಲೆ ಯಕೃತ್ತು ಕೆಟ್ಟ 43 ಜನರ ವಿವರವನ್ನು ದೇಶದ 13 ಕೇಂದ್ರಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಇಂಥ ವರದಿಗಳನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಗಿಡದ್ದಾದರೆ ಅಡ್ಡ ಪರಿಣಾಮವಿಲ್ಲ ಎಂಬ ಭರವಸೆಯನ್ನು ಯಾರೂ ಯಾರಿಗೂ ಕೊಡುವಂತಿಲ್ಲ.

ಆಂಧ್ರದವರು 2021ರ ಮೇ ತಿಂಗಳನ್ನು ಮರೆತಿರಲಾರರು. ನೆಲ್ಲೂರು ಜಿಲ್ಲೆಯ ಕೃಷ್ಣಪಟ್ಟಣದಲ್ಲಿ ಆನಂದಯ್ಯನವರು ಕೊರೊನಾಕ್ಕೆ ಮದ್ದು ಕೊಡುತ್ತಾರೆಂದು ಸಾವಿರಾರು ಜನ ಒಬ್ಬರ ಮೇಲೊಬ್ಬರು ಬಿದ್ದರು. ಅವರು ಉಚಿತವಾಗಿ ಕೊಟ್ಟರು, ಉದ್ದೇಶ ಒಳ್ಳೆಯದೇ ಇತ್ತು. ಸರ್ಕಾರ ಮೊದಲು ನಿಲ್ಲಿಸಿತು, ಪರೀಕ್ಷೆಗೆ ಕಳಿಸಿತು, ತಿಂಗಳ ಕೊನೆಗೆ ಕಣ್ಣಿಗೆ ಹಾಕುವ ಹನಿಯನ್ನು ಬಿಟ್ಟು ಉಳಿದದ್ದಕ್ಕೆ ಒಪ್ಪಿತು. ಆ ಹನಿ ಹಾಕಿಸಿಕೊಂಡು ಕ್ಷಣದಲ್ಲಿ ಗುಣವಾಯಿತೆಂದು ವಿಡಿಯೊದಲ್ಲಿ ಹೇಳಿದ್ದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮೇ 31ರಂದು ನೆಲ್ಲೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ವಿಡಿಯೊ ನೋಡಿದವರು ಬಹಳ ಜನ. ಸಾವಿನ ಸುದ್ದಿ ಅಷ್ಟು ಫೋನುಗಳಿಗೆ ಹೋಗಲಿಲ್ಲ. ಉಸಿರು ಕಟ್ಟಿದ ಜನ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಅಲ್ಲಿಗೆ ಓಡಿದ್ದರು ಎಂಬುದನ್ನೂ ಮರೆಯಬಾರದು.

ಆಸ್ಪತ್ರೆ ಕೈಗೆಟುಕದವರು ಮದ್ದಿನ ಕಡೆ ಓಡುತ್ತಾರೆ ಎಂಬ ಮಾತು ಆದೋನಿಗೂ ಸಲ್ಲುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಆಡಳಿತ ತೆಲುಗಿಗೆ ಹೋಯಿತು, ಎಷ್ಟೋ ಮನೆಗಳ ಮಾತು ಕನ್ನಡದಲ್ಲೇ ಉಳಿಯಿತು. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಂಟೂರಿನ ಮೆಣಸಿನಕಾಯಿ ಹೊಲಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುತ್ತದೆ. ಆದೋನಿಯ ಏರಿಯಾ ಆಸ್ಪತ್ರೆಯ ಕೈ ಮೀರಿದ ಕಾಯಿಲೆಗೆ ಸುಮಾರು 100 ಕಿಲೋಮೀಟರ್ ದೂರದ ಕರ್ನೂಲಿಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಬಳ್ಳಾರಿಗೆ. ಆದೋನಿಗೆ ಬರಬೇಕಾದ ಸರ್ಕಾರಿ ವೈದ್ಯಕೀಯ ಕಾಲೇಜನ್ನು ಖಾಸಗಿ ಪಾಲುದಾರಿಕೆಗೆ ಕೊಡಬೇಕೇ ಎಂಬ ಜಗಳ 2025ರಲ್ಲೂ ನಡೆದಿತ್ತು. ಇಂಥ ಕಡೆ ಕನ್ನಡದ ಮುದುಕಿ ಆಸ್ಪತ್ರೆಯ ಸಾಲಿನಲ್ಲಿ ನಿಂತು, ಅರೆ ತೆಲುಗಿನಲ್ಲಿ ಅರೆ ನಿಮಿಷ ಮಾತಾಡಿ, ಇಂಗ್ಲಿಷಿನ ಚೀಟಿ ಹಿಡಿದು ಹೊರಗೆ ಬರುತ್ತಾಳೆ. ಮದ್ದು ಕೊಡುವ ಅಜ್ಜ ‘ಏನವ್ವಾ, ಹೆಂಗೈತಿ, ಊಟ ಸೇರ್ತೈತೇನು?’ ಎಂದು ತನ್ನ ಮಾತಿನಲ್ಲೇ ಕೇಳಿ, ನಾಡಿ ಹಿಡಿದು, ಕಟ್ಟೆಯ ಮೇಲೆ ಕೂರಿಸಿಕೊಳ್ಳುತ್ತಾನೆ. ಯಾರ ಮಾತು ಮನಸ್ಸಿಗೆ ಇಳಿಯುತ್ತದೆ? ನನಗೆ ಇದರಲ್ಲಿ ಮುದುಕಿಯ ಮೂಢತನ ಕಾಣುವುದಿಲ್ಲ. ಆ ಅಜ್ಜನ ಮಾತಿಗೆ ಅಷ್ಟು ತೂಕ ಇರುವುದರಿಂದಲೇ ಅವನ ಹೊಣೆ ದೊಡ್ಡದು.

ದೋಷ ಒಂದೇ ಕಡೆಯದಲ್ಲ. ನಾಟಿ ಮದ್ದಿನ ಹೆಸರು ಕೇಳಿದ ಕೂಡಲೇ ಗದರುವ ಡಾಕ್ಟರ ಮುಂದೆ ರೋಗಿ ಎರಡನೆಯ ಸಲ ಬಾಯಿ ಬಿಡುವುದಿಲ್ಲ. ಕೀಲುನೋವಿನ ಪುಡಿಗಳಲ್ಲಿ ಗುಟ್ಟಾಗಿ ಸ್ಟಿರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಏನು ತಿಂದಿದ್ದೀರಿ ಎಂದು ಸಮಾಧಾನವಾಗಿ ಕೇಳದ ಡಾಕ್ಟರಿಗೆ ಆ ರೋಗಿಯ ಮುಖ ಏಕೆ ಊದಿದೆ ಎಂಬುದು ತಿಳಿಯುವುದೇ ಇಲ್ಲ. ವೈದ್ಯ ಪದವಿಯಿಲ್ಲದ ಊರೂರಿನ ಆರೆಂಪಿ ಡಾಕ್ಟರುಗಳು ಸಣ್ಣ ಜ್ವರಕ್ಕೂ ಗ್ಲೂಕೋಸ್ ಬಾಟ್ಲಿ ಏರಿಸುವುದು, ಬೇಕಿಲ್ಲದ ಸೂಜಿ ಚುಚ್ಚುವುದು ತನ್ನ ಗೆರೆ ದಾಟಬಾರದೆಂಬ ನೀತಿಯ ಇನ್ನೊಂದು ಭಂಗ. ಮುಂಬೈಯಲ್ಲಿ ಹೋಮಿಯೋಪತಿ ಓದಿದವರೊಬ್ಬರು ಜ್ವರಕ್ಕೆ ಇಂಗ್ಲಿಷ್ ಮದ್ದು ಕೊಟ್ಟು ರೋಗಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತು: ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ.

ಕಾನೂನು ಬಹಳ ಹಿಂದಿನಿಂದ ಇದೆ. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ 1954ರದು. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಫಿಟ್ಸ್, ಪಾರ್ಶ್ವವಾಯು ಸೇರಿ 54 ತೊಂದರೆಗಳನ್ನು ವಾಸಿ ಮಾಡುತ್ತೇವೆಂದು ಸಾರುವುದನ್ನು ಅದು ನಿಷೇಧಿಸುತ್ತದೆ, ಬಾಯಿಮಾತಿನ ಸಾರಿಕೆಯನ್ನೂ ಸೇರಿಸಿ. ಸಂತೆಯಲ್ಲಿ ಮೈಕು ಹಿಡಿದವರಿಗೂ ಇದು ಅನ್ವಯ. ಮಾನ್ಯತೆಯ ಓದಿಲ್ಲದ ಪಾರಂಪರಿಕ ವೈದ್ಯರು ವೃತ್ತಿ ನಡೆಸುವಂತಿಲ್ಲ ಎಂದು ಕೇರಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಹಾಗಿದ್ದೂ ಏನೂ ಬದಲಾಗಲಿಲ್ಲ. ಮುಚ್ಚಿಸಲು ಹೊರಟರೆ ಕಟ್ಟೆಯ ಅಜ್ಜ ಹಿತ್ತಲಿಗೆ ಹೋಗುತ್ತಾನೆ ಅಷ್ಟೆ. ಕೌಟಿಲ್ಯ ಇನ್ನೊಂದು ದಾರಿ ಹಿಡಿದಿದ್ದ. ಪ್ರಾಣಾಪಾಯದ ರೋಗಕ್ಕೆ ತಿಳಿಸದೆ ಚಿಕಿತ್ಸೆ ಶುರು ಮಾಡಿದ ವೈದ್ಯನ ರೋಗಿ ಸತ್ತರೆ ಅವನಿಗೆ ದಂಡ. ತಪ್ಪು ಚಿಕಿತ್ಸೆಯಿಂದಲೇ ಸತ್ತರೆ ದಂಡ ಇನ್ನೂ ಹೆಚ್ಚು. ಅಪಾಯವನ್ನು ಮುಚ್ಚಿಟ್ಟದ್ದೇ ಅಲ್ಲಿ ಮೊದಲ ಅಪರಾಧ.

ನಮ್ಮ ಮಂಡಲಗಳಲ್ಲಿ ಆಗಬಹುದಾದ ಕೆಲಸ ಸಣ್ಣದು. ಕಾಮಾಲೆ ಮದ್ದು ಕೊಡುವವರು ಯಾರು ಯಾರು ಎಂದು ಪ್ರತಿ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಒಂದು ಮಧ್ಯಾಹ್ನ ಅವರನ್ನು ಕರೆದು, ಗದರದೆ ಕೂರಿಸಿ, ಯಾರನ್ನು ಆ ಕೂಡಲೇ ಕಳಿಸಬೇಕು ಎಂಬುದನ್ನು ಮಾತಾಡಿಕೊಳ್ಳಬಹುದು. ಬಿಲಿರುಬಿನ್ ಪರೀಕ್ಷೆಯ ಚೀಟಿ ತಂದವರಿಗೆ ಮಾತ್ರ ಮದ್ದು ಎಂಬ ಪದ್ಧತಿ ಹಿಡಿದರೆ ಅರ್ಧ ಕೆಲಸ ಆದಂತೆ. ಕೌತಾಳಂ, ಕೋಸಿಗಿ, ಹೊಳಗುಂದದ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ತೆಲುಗಿನ ಪಕ್ಕದಲ್ಲಿ ಕನ್ನಡದಲ್ಲೂ ನಾಲ್ಕು ಸಾಲು ಬರೆಸಬೇಕು: ಕಣ್ಣು ಹಳದಿಯಾದ ಬಸುರಿ, ಹುಟ್ಟಿದ ದಿನವೇ ಹಳದಿಯಾದ ಕೂಸು, ಮಲ ಬೆಳ್ಳಗಾದವರು, ಮಂಪರು ಹತ್ತಿದವರು ಮದ್ದಿಗಾಗಿ ಎಲ್ಲೂ ಹೋಗದೆ 108ಕ್ಕೆ ಫೋನ್ ಮಾಡಿ.